ಕೆಲಸಕ್ಕೆ ಜನ ಇಲ್ಲ ಎಂಬ ಮಾತಿನ ಬುಡ: ಬದಿಯಡ್ಕ–ಪೆರ್ಲ ಕಡೆಯ ಹೋಮ್‌ಸ್ಟೇ ಪ್ರಕರಣ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಎಂಟು ಅತಿಥಿಗಳು ಚಾವಡಿಯಲ್ಲಿ ತಿಂಡಿಗೆ ಕೂರುತ್ತಾರೆ. ತಲೆಗೆ ಐದು ನೀರುದೋಸೆ ಎಂದರೂ ನಲವತ್ತು ಬೇಕು. ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ಬೆಳ್ತಿಗೆ ಅಕ್ಕಿ ರಾತ್ರಿಯೇ ನೆನೆ ಹಾಕಿದ್ದರೆ ಸಾಕು. ಕಷ್ಟ ಇರುವುದು ಕಾವಲಿಯ ಹತ್ತಿರ. ಒಂದು ದೋಸೆ ಎರೆದು, ಮುಚ್ಚಿ, ಬೆಂದ ಮೇಲೆ ಮಡಚಿ ತೆಗೆಯಲು ಒಂದೂವರೆ ನಿಮಿಷ ಹಿಡಿಯುತ್ತದೆ. ಒಂದೇ ಕಾವಲಿಯಾದರೆ ನಲವತ್ತಕ್ಕೆ ಪೂರ್ತಿ ಒಂದು ಗಂಟೆ. ಮೊದಲು ಕೂತವರು ಕೈ ತೊಳೆದು ಎದ್ದ ಮೇಲೂ ಕೊನೆಯವರು ಖಾಲಿ ಹಾಳೆತಟ್ಟೆ ನೋಡುತ್ತ ಕೂತಿರುತ್ತಾರೆ. ಎರಡು ಕಾವಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಆಗ ಎರೆಯುವವರು ಒಲೆ ಬಿಟ್ಟು ಅಲುಗಾಡುವಂತಿಲ್ಲ. ಕಾಯಿಬೆಲ್ಲ ಬೆರೆಸಲು, ಚಟ್ನಿ ರುಬ್ಬಲು, ಚಹಾ ಕೊಡಲು ಇನ್ನೊಬ್ಬರು ಬೇಕೇ ಬೇಕು. ಆ ಇನ್ನೊಬ್ಬರು ಸಿಗದ ಕಾರಣಕ್ಕೇ ಗಡಿನಾಡಿನ ಎಷ್ಟೋ ಮನೆಗಳು ನಾಲ್ಕು ಕೋಣೆ ಇದ್ದರೂ ಎರಡನ್ನೇ ಕೊಡುತ್ತವೆ.

ಇಲ್ಲಿ ಎತ್ತಿಕೊಂಡ ಮನೆ ಯಾವುದೋ ಒಬ್ಬರ ಮನೆಯಲ್ಲ. ಕೇರಳದ ಕಾಸರಗೋಡು ಪೇಟೆಯಿಂದ ಸುಮಾರು 20 ಕಿ.ಮೀ. ಒಳಗೆ, ಬದಿಯಡ್ಕ–ಪೆರ್ಲ ಆಸುಪಾಸಿನಲ್ಲಿ, ಅಡಿಕೆ ತೋಟದ ನಡುವಿನ ಹಂಚಿನ ಮನೆಯೊಂದನ್ನು ಮಾದರಿಯಾಗಿ ಇಟ್ಟುಕೊಂಡಿದೆ. ನಾಲ್ಕು ಕೋಣೆ, ಎಂಟು ಹಾಸಿಗೆ. ಮನೆಯಲ್ಲಿ ಯಜಮಾನ, ಹೆಂಡತಿ, ವಯಸ್ಸಾದ ಅತ್ತೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ಗಂಟೆ, ರೂಪಾಯಿಯ ಲೆಕ್ಕವೂ ಮಾದರಿ ಲೆಕ್ಕ. ಇಂಥ ಮನೆ ನಡೆಸುವವರು ತಮ್ಮ ಅಂಕಿ ಹಾಕಿ ನೋಡಬಹುದು.

ಬೇಡಿಕೆ ಎಲ್ಲಿಂದ ಬಂತು ಎಂಬುದನ್ನು ಚುಟುಕಾಗಿ ಹೇಳಬಹುದು. ಕಡಲಬದಿಯ ಕೋಟೆಯ ಊರಾದ ಬೇಕಲವನ್ನು 1992ರಲ್ಲಿ ಕೇಂದ್ರ ಸರಕಾರ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು, 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ಹುಟ್ಟಿತು. ಕಡಲಬದಿಯಲ್ಲಿ ದೊಡ್ಡ ರೆಸಾರ್ಟುಗಳು ಬಂದವು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆಯಿತು, 2023ರಲ್ಲಿ ವಂದೇ ಭಾರತ್ ರೈಲು ಕಾಸರಗೋಡಿಗೆ ಬಂತು. ಕೋಟೆ ನೋಡಿದವರು ಅನಂತಪುರದ ಸರೋವರ ದೇವಸ್ಥಾನ, ಮಧೂರಿನ ದೇವಸ್ಥಾನ, ಪೊಸಡಿ ಗುಂಪೆ ಗುಡ್ಡ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಎಂದು ಒಳನಾಡಿನತ್ತ ಹೊರಳುತ್ತಾರೆ. ರಾತ್ರಿ ಉಳಿಯಲು ತೋಟದ ಮನೆ ಕೇಳುತ್ತಾರೆ. ಆದರೆ ಅದೇ ರಸ್ತೆ, ಅದೇ ರೈಲು ಹಿಡಿದು ಊರಿನ ಹುಡುಗರು ಮಂಗಳೂರಿಗೂ ಹೊರಟುಹೋದರು.

ಲೆಕ್ಕ ಮೊದಲು ಗಂಟೆಯಿಂದ ಶುರುವಾಗಬೇಕು, ಜನರಿಂದಲ್ಲ. ಕೋಣೆಗಳೆಲ್ಲ ತುಂಬಿದ ಒಂದು ದಿನಕ್ಕೆ ಈ ಮನೆಗೆ ಎಷ್ಟು ಗಂಟೆಯ ದುಡಿಮೆ ಬೇಕು? ಬೆಳಗಿನ ಅಡುಗೆಗೆ ಇಬ್ಬರು ಮೂರು ಗಂಟೆಯಂತೆ ಆರು ಗಂಟೆ. ಅತಿಥಿ ಬಿಟ್ಟುಹೋದ ಕೋಣೆಯೊಂದನ್ನು ಮುಂದಿನವರಿಗೆ ಅಣಿಮಾಡಲು ಒಬ್ಬರಿಗೆ ಮುಕ್ಕಾಲು ಗಂಟೆ, ನಾಲ್ಕಕ್ಕೆ ಮೂರು ಗಂಟೆ. ಬಟ್ಟೆ ಒಗೆದು, ಒಣಹಾಕಿ, ಮಡಚಿ ಇಡಲು ಎರಡು. ರಾತ್ರಿಯ ಊಟಕ್ಕೆ ಇಬ್ಬರು ಮೂರೂವರೆ ಗಂಟೆಯಂತೆ ಏಳು. ತೋಟ, ಸುರಂಗ (ಗುಡ್ಡವನ್ನು ಅಡ್ಡ ಕೊರೆದು ಮಾಡಿದ ನೀರಿನ ಬಾವಿ) ತೋರಿಸಲು ಮೂರು. ಸಾಮಾನು, ಲೆಕ್ಕಪತ್ರ, ಫೋನಿಗೆ ಎರಡು. ಒಟ್ಟು 23 ಗಂಟೆ.

23 ಗಂಟೆ ಎಂದ ಕೂಡಲೇ ಯಜಮಾನರ ತಲೆಯಲ್ಲಿ "ಮೂರು ಜನ ಬೇಕು" ಎಂದು ಬರುತ್ತದೆ. ಊರಿನಲ್ಲಿ ಕೇಳುತ್ತಾರೆ, ಇಡೀ ದಿನಕ್ಕೆ ಯಾರೂ ಒಪ್ಪುವುದಿಲ್ಲ. "ಈಗಿನವರಿಗೆ ದುಡಿಯುವ ಮನಸ್ಸಿಲ್ಲ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ತೀರ್ಮಾನ ತಪ್ಪು, ಅನ್ಯಾಯದ್ದು ಕೂಡ. ವಾರದ ಲೆಕ್ಕ ಹಾಕಿದರೆ ಯಾಕೆಂದು ಗೊತ್ತಾಗುತ್ತದೆ. ಇಂಥ ಮನೆ ವಾರದಲ್ಲಿ ಎರಡು ದಿನ ತುಂಬುತ್ತದೆ, ಉಳಿದ ಐದು ದಿನ ಒಂದು ಕೋಣೆಗೆ ಜನ ಇರುತ್ತಾರೆ ಎಂದಿಟ್ಟುಕೊಳ್ಳೋಣ. ತುಂಬಿದ ಎರಡು ದಿನಕ್ಕೆ 46 ಗಂಟೆ, ಉಳಿದ ಐದು ದಿನಕ್ಕೆ ದಿನಕ್ಕೆ ಎಂಟರಂತೆ 40 ಗಂಟೆ, ಸೇರಿ 86. ಮೂವರನ್ನು ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆಗೆ ಇಟ್ಟುಕೊಂಡರೆ ಕೂಲಿ ಕೊಡಬೇಕಾದದ್ದು 144 ಗಂಟೆಗೆ. ಅಂದರೆ 58 ಗಂಟೆ ಕೆಲಸವಿಲ್ಲದೆ ಕಳೆಯುತ್ತದೆ, ಆದರೂ ಭಾನುವಾರ ಬೆಳಿಗ್ಗೆ ಕಾವಲಿಯ ಹತ್ತಿರ ಒಬ್ಬರು ಕಡಿಮೆ. ಈ ಹೊರೆ ತಾಳದೆ ಯಜಮಾನರು ಸಂಬಳ ಇಳಿಸುತ್ತಾರೆ, ಸಂಬಳ ಇಳಿದಾಗ ಜನ ಬರುವುದಿಲ್ಲ.

ಇನ್ನು ಊರಿನ ಕಡೆಯಿಂದ ನೋಡಬೇಕು. ನಡೆದು ಬರುವಷ್ಟು ದೂರದಲ್ಲಿ, ಎರಡು ಕಿ.ಮೀ. ಒಳಗೆ, ದುಡಿಯುವ ಹೆಂಗಸರು ಇದ್ದೇ ಇದ್ದಾರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತು ಒಬ್ಬಳದು, ಹಾಲು ಕರೆದು ಡೈರಿಗೆ ಒಯ್ಯುವ ಹೊತ್ತು ಇನ್ನೊಬ್ಬಳದು, ಹತ್ತು ಗಂಟೆಯಿಂದ ಎರಡರವರೆಗೆ ಮಾತ್ರ ಬಿಡುವು ಮತ್ತೊಬ್ಬಳಿಗೆ. ಬೀಡಿ ಕಟ್ಟಿ ಗೊತ್ತಿರುವ ಊರುಗಳು ಇವು. ಸಾವಿರಕ್ಕೆ ಇಷ್ಟು ಎಂದು ಕೆಲಸ ಎಣಿಸಿ ಕೂಲಿ ಪಡೆಯುವ ಕ್ರಮ ಇಲ್ಲಿನ ಹೆಂಗಸರಿಗೆ ತಲೆಮಾರಿನಿಂದ ಪಳಗಿದ್ದು. ಅಡಿಕೆ ಸುಲಿಯುವುದೂ ಕಿಲೋ ಲೆಕ್ಕದಲ್ಲೇ. ಅವರಿಗೆ ಒಗ್ಗದ್ದು ಕೆಲಸವಲ್ಲ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಹರಡಿಕೊಂಡು ನಡುವೆ ಸುಮ್ಮನೆ ಕೂರಿಸುವ ದಿನ. ಸಂಜೆ ಏಳರ ಮೇಲೆ ಬಸ್ಸಿಲ್ಲದ ದಾರಿಯಲ್ಲಿ ಒಬ್ಬಳೇ ಮನೆಗೆ ಹೋಗಬೇಕಾದ ಹೆದರಿಕೆಯೂ ಒಗ್ಗುವುದಿಲ್ಲ.

ಹಾಗಾಗಿ ಮಾಡಬೇಕಾದದ್ದು ಕೆಲಸವನ್ನು ಕಡಿದು ತುಂಡು ಮಾಡುವುದು. ಬೆಳಗಿನ ಅಡುಗೆ ಆರರಿಂದ ಒಂಬತ್ತು. ಕೋಣೆ ಮತ್ತು ಬಟ್ಟೆ ಹತ್ತೂವರೆಯಿಂದ ಒಂದು. ಸಂಜೆಯ ಅಡುಗೆ ಐದರಿಂದ ಎಂಟೂವರೆ. ತಿರುಗಾಟ ಬೇರೆಯೇ. ಒಂದೊಂದು ತುಂಡಿಗೂ ಬೇರೆ ಜನ. ಒಬ್ಬರು ಒಂದೇ ದಿನ ಎರಡು ತುಂಡು ಹಿಡಿಯಬಹುದು, ಒತ್ತಾಯ ಮಾಡುವಂತಿಲ್ಲ. ಒಟ್ಟು ಏಳರಿಂದ ಒಂಬತ್ತು ಜನರ ಪಟ್ಟಿ ಬೇಕಾಗುತ್ತದೆ. ಪಟ್ಟಿ ಕಟ್ಟಲು ಎಲ್ಲಕ್ಕಿಂತ ಸುಲಭದ ದಾರಿ ಕೇರಳ ಸರಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ಅಯಲ್‌ಕೂಟ, ಅಂದರೆ ನೆರೆಮನೆಯವರ ಗುಂಪು. 1998ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹತ್ತರಿಂದ ಇಪ್ಪತ್ತು ಮನೆಗಳ ಹೆಂಗಸರು ವಾರವಾರ ಸೇರುತ್ತಾರೆ. ಯಾರಿಗೆ ಯಾವ ಹೊತ್ತು ಬಿಡುವು, ಯಾರ ಕೈ ಅಡುಗೆಗೆ ಒಳ್ಳೆಯದು, ಯಾರ ಮನೆಯಲ್ಲಿ ಎಳೆ ಮಗು ಇದೆ ಎಂಬುದೆಲ್ಲ ಅಲ್ಲಿ ಆಗಲೇ ಗೊತ್ತಿರುತ್ತದೆ. ಪೇಟೆಯ ಏಜೆಂಟನಿಗೆ ಕೊಡುವ ದುಡ್ಡಿಗೆ ಈ ತಿಳಿವಳಿಕೆ ಸಿಗಲಾರದು.

ಕೂಲಿಯ ಮಾತು. ಮೂವರನ್ನು ಇಡೀ ದಿನಕ್ಕೆ, ಗಂಟೆಗೆ 90 ರೂಪಾಯಿಯಂತೆ ಇಟ್ಟರೆ ವಾರಕ್ಕೆ 12,960. ಅದೇ 86 ಗಂಟೆಗೆ ಗಂಟೆಗೆ 110ರಂತೆ ಕೊಟ್ಟರೆ 9,460. ಗಂಟೆಯ ದರ ಏರಿಸಿಯೂ 3,500 ರೂಪಾಯಿ ಉಳಿಯಿತು. ಈ ಉಳಿದ ದುಡ್ಡು ಯಜಮಾನರ ಲಾಭವೆಂದು ತಿಳಿದರೆ ಇಡೀ ಯೋಜನೆ ಮೂರು ತಿಂಗಳಲ್ಲಿ ಕುಸಿಯುತ್ತದೆ. ಅದು ರಾತ್ರಿಯ ರಿಕ್ಷಾಕ್ಕೂ ಬುಕಿಂಗ್ ರದ್ದಾದ ದಿನದ ಅರ್ಧಕೂಲಿಗೂ ತೆಗೆದಿಡಬೇಕಾದದ್ದು. ಹಿಂದಿನ ರಾತ್ರಿ ಎಂಟರ ಒಳಗೆ "ನಾಳೆ ಬೇಡ" ಎಂದು ತಿಳಿಸದಿದ್ದರೆ ಅರ್ಧ ಕೂಲಿ ಕೊಡಲೇಬೇಕು. ಅದಕ್ಕೆ ಸರಿಯಾಗಿ ಅತಿಥಿಯ ಮುಂಗಡವನ್ನೂ ಕಟ್ಟಿಕೊಳ್ಳಬೇಕು: ಬರುವ ಹೊತ್ತಿಗೆ ಮುಂಚಿನ 48 ಗಂಟೆಯೊಳಗೆ ರದ್ದು ಮಾಡಿದರೆ ಅರ್ಧ ವಾಪಸಿಲ್ಲ. 110 ದೊಡ್ಡ ದರವೇ ಎಂದು ಕೇಳುವವರಿಗೆ ಒಂದು ಹೋಲಿಕೆ: ಕೇರಳದಲ್ಲಿ 2025–26ರ ಉದ್ಯೋಗ ಖಾತರಿ ದಿನಗೂಲಿ 369 ರೂಪಾಯಿ ಇತ್ತು. ಇಲ್ಲಿ ಬೆಳಗಿನ ಮೂರು ಗಂಟೆಗೆ 330. ಮಗುವನ್ನು ಶಾಲೆಗೆ ಬಿಡಲು ಅತ್ತೆಯನ್ನು ಒಪ್ಪಿಸಿ ಬರುವ ಹೆಂಗಸಿಗೆ ಈ ಅಂಕಿ ಅರ್ಥವಾಗುತ್ತದೆ. ಹೋಟೆಲು ಕೆಲಸಕ್ಕೆ ರಾಜ್ಯ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯುವಂತಿಲ್ಲ. ಆಯಾ ವರ್ಷದ ದರವನ್ನು ಕಾರ್ಮಿಕ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ದುಡ್ಡು ಶನಿವಾರ ಸಂಜೆ, ಅವಳ ಖಾತೆಗೇ.

ಈ ಲೆಕ್ಕದಲ್ಲಿ ಎಲ್ಲರೂ ಮರೆಯುವ ಒಂದು ಸಾಲಿದೆ. ಮನೆಯೊಡತಿಯ ಸಾಲು. ಜನ ಸಿಗದ ದಿನ ಆ 23 ಗಂಟೆಯಲ್ಲಿ ಹನ್ನೆರಡು ಹದಿಮೂರು ಅವಳ ಮೈಮೇಲೆ ಬೀಳುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅತಿಥಿಗೆ, ಅತ್ತೆಗೆ, ಹಟ್ಟಿಯ ದನಕ್ಕೆ ನೋಡಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ಕವುಚಿ ಹಾಕುವವಳು ಅವಳು. ಅವಳ ದುಡಿಮೆಗೆ ಸೊನ್ನೆ ಹಾಕಿದ್ದರಿಂದಲೇ ವರ್ಷದ ಕೊನೆಗೆ ಲಾಭ ಕಾಣುತ್ತದೆ. ಹೋಮ್‌ಸ್ಟೇ ಬಾಗಿಲು ಹಾಕುವುದು ಅತಿಥಿ ಇಲ್ಲದೆ ಎನ್ನುವುದಕ್ಕಿಂತ, ಅವಳಿಗೆ ಸಾಕಾಗಿ ಎನ್ನುವುದೇ ಸರಿ. ಬೆಲೆ ಕಟ್ಟುವಾಗ ಅವಳ ಗಂಟೆಗೂ ಅದೇ 110 ಹಾಕಬೇಕು. ಹಾಕಿದಾಗ ಕೋಣೆಯ ಬಾಡಿಗೆ ಸಾಲದೆಂದು ಕಂಡರೆ, ಬಾಡಿಗೆ ಏರಿಸಬೇಕು ಅಥವಾ ರಾತ್ರಿ ಊಟದ ಮೇಲೋಗರವನ್ನು ನಾಲ್ಕು ಬಗೆಯಿಂದ ಎರಡಕ್ಕೆ ಇಳಿಸಬೇಕು. ಕುಚ್ಚಿಲಕ್ಕಿ ಗಂಜಿ, ತಂಬುಳಿ, ಒಂದು ಪಲ್ಯ, ಹಲಸಿನ ಹಪ್ಪಳ ಇದ್ದರೆ ಅತಿಥಿಗೆ ಕಡಿಮೆಯಾಯಿತು ಎಂದು ಅನಿಸುವುದಿಲ್ಲ. ಪೇಟೆಯಲ್ಲಿ ಸಿಗುವ ಪನೀರು ಮಸಾಲೆಗೆ ಅವರು ಇಷ್ಟು ದೂರ ಬಂದಿಲ್ಲ.

ಅಡುಗೆಮನೆಯ ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕೆಲವು ಮನೆಗಳಲ್ಲಿ ಯಾರು ಒಳಗೆ ಬರಬಹುದು, ಯಾರು ಪಾತ್ರೆ ಮುಟ್ಟಬಹುದು ಎಂಬ ಮಡಿ ಈಗಲೂ ಇದೆ. ದುಡಿಯಲು ಬಂದವಳನ್ನು ಹಿತ್ತಿಲ ಬಾಗಿಲಿಗೆ ನಿಲ್ಲಿಸಿದರೆ ಮಾರನೇ ದಿನ ಅವಳು ಬರುವುದಿಲ್ಲ, ಅವಳ ಅಯಲ್‌ಕೂಟದ ಉಳಿದವರೂ ಬರುವುದಿಲ್ಲ. ಬರಬಾರದು ಕೂಡ. ಎಲ್ಲರ ಕೈ ಅಡುಗೆಯನ್ನು ಒಪ್ಪಲಾಗದ ಮನೆ ಈ ಉದ್ಯೋಗಕ್ಕೆ ಇಳಿಯದಿರುವುದೇ ಒಳ್ಳೆಯದು.

ಕೋಣೆಯ ಕೆಲಸ ಕಲಿಸಲು ಎರಡು ದಿನ ಸಾಕು, ಆದರೆ ಕ್ರಮ ತಪ್ಪಬಾರದು. ಮೊದಲು ಕಿಟಕಿ ತೆರೆಯುವುದು. ಹಾಸಿಗೆಯ ಬಟ್ಟೆ ಕಿತ್ತು ಬುಟ್ಟಿಗೆ. ಬಚ್ಚಲಿಗೆ ಕ್ಲೀನರ್ ಹಾಕಿ ಹಾಗೇ ಬಿಟ್ಟು, ಅಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಧೂಳು ಹೊಡೆಯುವುದು. ಹಾಸಿಗೆ ಹಾಸುವುದು. ಆಮೇಲೆ ಬಚ್ಚಲು ಉಜ್ಜಿ ತೊಳೆಯುವುದು, ಕೊನೆಗೆ ಒಳಮೂಲೆಯಿಂದ ಬಾಗಿಲ ಕಡೆಗೆ ನೆಲ ಒರೆಸುತ್ತ ಹೊರಬರುವುದು. ಕಕ್ಕಸಿಗೆ ಒಂದು ಬಣ್ಣದ ಬಟ್ಟೆ, ಬೇಸಿನ್ನಿಗೆ ಇನ್ನೊಂದು, ನೆಲಕ್ಕೆ ಮತ್ತೊಂದು. ಬಣ್ಣ ಬೇರೆ ಇಟ್ಟರೆ ಓದು ಬಾರದವರಿಗೂ ತಪ್ಪುವುದಿಲ್ಲ. ಬ್ಲೀಚಿಂಗ್ ಪೌಡರನ್ನೂ ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನೂ ಒಂದೇ ಕಡೆ ಸುರಿಯಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ. ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಬೇಕು.

ಈ ನೆಲದ ದೊಡ್ಡ ತಲೆನೋವು ಮುರಕಲ್ಲಿನ (ಲ್ಯಾಟರೈಟ್) ಕೆಂಪು ಮಣ್ಣು. ಪೊಸಡಿ ಗುಂಪೆ ಹತ್ತಿ ಬಂದವರು ಟವೆಲಿನಲ್ಲಿ ಕಾಲು ಒರೆಸುತ್ತಾರೆ. ಹೊಸಬರು ಮೊದಲು ಮಾಡುವುದೇ ಬ್ಲೀಚ್‌ನಲ್ಲಿ ಅದ್ದುವುದು. ಆ ಮಣ್ಣಿನ ಬಣ್ಣ ಕಬ್ಬಿಣದ್ದು. ಕ್ಲೋರಿನ್ ಬ್ಲೀಚ್ ಅದನ್ನು ತೆಗೆಯುವುದಿಲ್ಲ, ಇನ್ನಷ್ಟು ಕಚ್ಚಿಸುತ್ತದೆ. ಮಣ್ಣು ಒಣಗಲು ಬಿಟ್ಟು, ಬ್ರಷ್ಷಿನಲ್ಲಿ ಉದುರಿಸಿ, ತಣ್ಣೀರಿನಲ್ಲಿ ಜಾಲಿಸಿ ಆಮೇಲೆ ಸೋಪು ಹಾಕಬೇಕು. ಉಳಿದ ಕಲೆಗೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಇದಕ್ಕಿಂತ ಅಗ್ಗದ ದಾರಿ, ಮೆಟ್ಟಿಲ ಹತ್ತಿರ ಒಂದು ನಲ್ಲಿ, ಒಂದು ಕಲ್ಲು, ಬಣ್ಣದ ಹಳೇ ಟವೆಲು. ಅಲ್ಲೇ ಕಾಲು ತೊಳೆದು ಒಳಗೆ ಬಂದರೆ ಬಿಳಿ ಬಟ್ಟೆ ಉಳಿಯುತ್ತದೆ.

ಹೊದಿಕೆ, ಹಾಸು, ತಲೆದಿಂಬಿನ ಚೀಲ, ಎರಡು ಟವೆಲು ಸೇರಿ ಒಂದು ಕೋಣೆಗೆ ಹತ್ತಿರಹತ್ತಿರ ಎರಡೂವರೆ ಕಿಲೋ. ನಾಲ್ಕಕ್ಕೆ ಹತ್ತು ಕಿಲೋ. ಏಳು ಕಿಲೋ ಮೆಷಿನ್ನಿಗೆ ಏಳನ್ನೂ ತುರುಕಿದರೆ ಸೋಪು ಸರಿಯಾಗಿ ಬಿಡುವುದಿಲ್ಲ. ಐದರಂತೆ ಎರಡು ಸಲ ಹಾಕಬೇಕು. ಒಣಹಾಕಲು ಸುಮಾರು 30 ಮೀಟರು ಹಗ್ಗ ಬೇಕು. ಬೇಸಗೆಯಲ್ಲಿ ಒಂದು ಕೋಣೆಗೆ ಮೂರು ಸೆಟ್ಟು, ಹಾಸಿದ್ದೊಂದು, ಒಗೆಯುತ್ತಿರುವುದೊಂದು, ಕಪಾಟಿನಲ್ಲೊಂದು. ಜೂನಿನಿಂದ ಸೆಪ್ಟೆಂಬರಿನವರೆಗೆ ಇದು ಸಾಲದು, ನಾಲ್ಕು ಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಬೂಸಲು ವಾಸನೆ ಬರುವುದನ್ನು ತಪ್ಪಿಸಲು ಅಡಿಕೆ ಒಣಗಿಸುವುದಕ್ಕೆ ಅಂಗಳದಲ್ಲಿ ಹಾಕಿದ ಪಾರದರ್ಶಕ ಶೀಟಿನ ಮಾಡು ಬಹಳ ಉಪಕಾರಿ. ಅಡಿಕೆ ಕೊಯ್ಲು ಮುಗಿದಿರುವುದರಿಂದ ಆಗ ಅದು ಹೆಚ್ಚುಕಮ್ಮಿ ಖಾಲಿ. ನೆಲ ಗುಡಿಸಿ, ಹಗ್ಗವನ್ನು ತಲೆಗಿಂತ ಎತ್ತರ ಕಟ್ಟಬೇಕು. ಅಡಿಕೆಯ ಕಂದು ಚೊಗರು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಹತ್ತಿರದ ಎರಡು ಮೂರು ಹೋಮ್‌ಸ್ಟೇಗಳು ಸೇರಿ ಒಂದೇ ಮನೆಯಲ್ಲಿ ಒಗೆತ ಇಟ್ಟುಕೊಂಡರೆ ಒಬ್ಬ ಹೆಂಗಸಿಗೆ ವಾರದ ಆರೂ ದಿನ ಕೆಲಸ ಕಟ್ಟಿಕೊಡಬಹುದು. ಪಟ್ಟಿಯಲ್ಲಿ ಇಡೀ ವಾರದ ಸಂಪಾದನೆ ಬೇಕಾದವಳು ಒಬ್ಬಳಾದರೂ ಇರುತ್ತಾಳೆ, ಈ ತುಂಡು ಅವಳಿಗೆ.

ಕಾಗದಪತ್ರದಲ್ಲಿ ಜಾರುವವರು ಬಹಳ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಮ್‌ಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವಿಂಗಡಿಸುತ್ತದೆ. ಆರು ಕೋಣೆಗಿಂತ ಹೆಚ್ಚಿರುವಂತಿಲ್ಲ, ಮನೆಯವರು ಅಲ್ಲೇ ವಾಸವಿರಬೇಕು. ಊಟ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. 2022ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಆ ಬಳಿಕ ರಾಜ್ಯದಲ್ಲಿ ತಪಾಸಣೆ ಬಿಗಿಯಾಯಿತು, 2023ರಿಂದ ಆಹಾರ ಮುಟ್ಟುವ ಎಲ್ಲರಿಗೂ ಹೆಲ್ತ್ ಕಾರ್ಡ್ ಕಡ್ಡಾಯವಾಯಿತು. ಕಾರ್ಡಿನ ಅವಧಿ ಒಂದು ವರ್ಷ. ಒಂಬತ್ತು ಜನರ ಪಟ್ಟಿ ಎಂದರೆ ಒಂಬತ್ತು ಕಾರ್ಡು. ಖರ್ಚು ಮನೆಯದ್ದು, ಡಾಕ್ಟರಲ್ಲಿಗೆ ಹೋದ ಹೊತ್ತಿನ ಕೂಲಿಯೂ ಮನೆಯದ್ದೇ. ವಾರಕ್ಕೆ ಎರಡೇ ದಿನ ಬರುವವಳಿಗೆ ಯಾಕೆ ಎಂದು ಬಿಟ್ಟುಬಿಡುವುದೇ ಸಾಮಾನ್ಯ ತಪ್ಪು. ಅಡುಗೆಯಲ್ಲಿ ಕಣ್ಣಿಡಬೇಕಾದದ್ದು ಕಾಯಿ ಚಟ್ನಿ. ಬೆಳಿಗ್ಗೆ ಆರಕ್ಕೆ ರುಬ್ಬಿದ್ದು ಬೇಸಗೆಯಲ್ಲಿ ಹತ್ತು ಗಂಟೆಗೆ ಹುಳಿಯುತ್ತದೆ. ಎರಡು ಕಂತಿನಲ್ಲಿ ರುಬ್ಬಿ, ಉಳಿದದ್ದನ್ನು ಮಧ್ಯಾಹ್ನಕ್ಕೆ ತಳ್ಳದೆ ಚೆಲ್ಲಬೇಕು.

ಕನ್ನಡದ ಪ್ರಶ್ನೆ ಇಲ್ಲಿ ಬರೀ ಅಭಿಮಾನದ್ದಲ್ಲ, ಕೆಲಸದ್ದು. ಕಾಸರಗೋಡಿನ ಹೆಂಗಸು ಮನೆಯಲ್ಲಿ ತುಳುವೋ ಮರಾಟಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಮಾತಾಡುತ್ತಾಳೆ. ಕೋಝಿಕ್ಕೋಡಿನ ಅತಿಥಿಗೂ ಮೈಸೂರಿನ ಅತಿಥಿಗೂ ಅವರವರ ಭಾಷೆಯಲ್ಲಿ ಉತ್ತರ ಕೊಡಬಲ್ಲವರು ದೊಡ್ಡ ರೆಸಾರ್ಟಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ತರಬೇತಿಯ ಹೊತ್ತಗೆ, ಅರ್ಜಿ, ಸೂಚನೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳು ಅದನ್ನು ಕೈಯಲ್ಲಿ ಹಿಡಿದು ಓದಲಾರದೆ, ತನಗೆ ಕೆಲಸವೇ ಬಾರದು ಎಂದುಕೊಂಡು ಹಿಂದೆ ಸರಿಯುತ್ತಾಳೆ. ಮನೆಯವರು ಮಾಡಬಹುದಾದದ್ದು ಸಣ್ಣದು: ಕೋಣೆಯ ಕ್ರಮವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಕಪಾಟಿನ ಒಳಬದಿಗೆ ಅಂಟಿಸುವುದು, ವಾರದ ಪಟ್ಟಿಯನ್ನು ಗುರುವಾರ ಸಂಜೆ ವಾಟ್ಸಾಪಿನಲ್ಲಿ ದನಿಯಲ್ಲೇ ಕಳಿಸುವುದು. "ಕಮಲಕ್ಕ, ಶನಿವಾರ ಸಂಜೆ ನಿಮ್ಮದು, ಭಾನುವಾರ ಬೆಳಿಗ್ಗೆಯೂ ಆಗುತ್ತದೋ?" ಎಂದು ಹೆಸರು ಹಿಡಿದು ಕೇಳಿದರೆ ಉತ್ತರ ಬರುತ್ತದೆ. ಪಟ್ಟಿ ಹಾಕಿ ಸುಮ್ಮನಾದರೆ ಬರುವುದಿಲ್ಲ.

ತಿರುಗಾಟದ ತುಂಡು ಊರಿನ ಹುಡುಗರಿಗೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳನ್ನು ನೋಡುವ ಆಸೆ ಅತಿಥಿಗಳಿಗೆ ಬಹಳ. ಗುಡ್ಡದ ಮುರಕಲ್ಲನ್ನು ಅಡ್ಡಡ್ಡ ಕೊರೆದು ನೀರು ಹರಿಸುವ ಈ ಬಾವಿಗಳು ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಳಗೆ ಗಾಳಿ ಕಡಿಮೆ, ಬಾವಲಿ, ಹಾವು ಇರುತ್ತವೆ, ಮಳೆಗಾಲದಲ್ಲಿ ಮಾಡು ಸಡಿಲವಾಗುತ್ತದೆ. ಕೊರೆಯುವವರು ಉರಿಯುವ ಮೇಣದ ಬತ್ತಿ ಹಿಡಿದೇ ಒಳಹೋಗುತ್ತಿದ್ದರು, ಜ್ವಾಲೆ ಕುಗ್ಗಿದರೆ ತಿರುಗಿ ಬರುತ್ತಿದ್ದರು. ಅತಿಥಿ ಎಷ್ಟೇ ಒತ್ತಾಯಿಸಲಿ, ಬಾಯಿಯ ತನಕ ಮಾತ್ರ. ಅಲ್ಲಿ ನಿಂತು ಟಾರ್ಚು ಬಿಟ್ಟು ತೋರಿಸಿ, ನೀರು ಬೀಳುವ ಕೆರೆಯ ಹತ್ತಿರ ಕೂರಿಸಿ ಕತೆ ಹೇಳಿದರೆ ಅರ್ಧ ಬೆಳಗು ಸಾಲದು. ಈ ಹುಡುಗರು ಆರು ತಿಂಗಳಲ್ಲಿ ಬೇಕಲದ ರೆಸಾರ್ಟಿಗೋ ಉದುಮದ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟಿಗೋ ಹೊರಡುತ್ತಾರೆ. ತಡೆಯುವುದು ಬೇಡ. ಒಂದು ಶಿಫಾರಸು ಪತ್ರ ಕೊಟ್ಟು ಕಳಿಸಿ, ಹೊರಡುವ ಮೊದಲು ಇನ್ನೊಬ್ಬನನ್ನು ಜೊತೆಗೆ ಹಾಕಿ ಕಲಿಸಿ ಹೋಗುವಂತೆ ಮಾಡಬೇಕು.

ಇಷ್ಟಾದರೂ ಕೆಡುವ ಜಾಗಗಳಿವೆ. ಎಲ್ಲಕ್ಕಿಂತ ಮೊದಲು ಕೆಡುವುದು ಊರಿನ ದೈವದ ಕೋಲದ ದಿನ. ಕೋಲ, ಒತ್ತೆಕೋಲ, ಬ್ರಹ್ಮಕಲಶ, ಮದುವೆ ಎಂದರೆ ಪಟ್ಟಿಯ ಒಂಬತ್ತೂ ಜನ ಒಟ್ಟಿಗೆ ರಜೆ. ಅತಿಥಿಗಳೂ ಅದೇ ದಿನ ಬರುತ್ತಾರೆ, ಕೋಲ ನೋಡಲು. ಇದಕ್ಕೆ ದೀಪಾವಳಿಯ ಹೊತ್ತಿಗೇ ಊರಿನ ದೇವಸ್ಥಾನ, ದೈವಸ್ಥಾನಗಳ ದಿನಗಳನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನಗಳಲ್ಲಿ ಎರಡೇ ಕೋಣೆ ಕೊಡಬೇಕು. ಊಟ ಮನೆಯಲ್ಲಿಲ್ಲ, ಎಲ್ಲರ ಜೊತೆ ಕೋಲದ ಅನ್ನಸಂತರ್ಪಣೆಯಲ್ಲಿ ಎಂದು ಮುಂಚೆಯೇ ಹೇಳಬೇಕು. ಎರಡನೆಯದು ಅಡಿಕೆಯ ಕಾಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಕೊಯ್ಲು, ಆಮೇಲೆ ಸುಲಿಯುವ ಕೆಲಸ ಊರಿನ ಕೈಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಆಗ ಅಡಿಕೆಯೊಂದಿಗೆ ಪೈಪೋಟಿಗೆ ಇಳಿಯದೆ, ಬೆಳಗಿನ ತುಂಡನ್ನು ಅರ್ಧ ಗಂಟೆ ಮುಂಚೆ ಮುಗಿಸಿ ಅವರನ್ನು ಸುಲಿಯಲು ಬಿಡುವುದೇ ಜಾಣತನ.

ಪತ್ತನಾಜೆ ಬಂದಾಗ, ಅಂದರೆ ಮೇ 24ರ ಆಸುಪಾಸು, ಕೋಲವೂ ಯಕ್ಷಗಾನ ಮೇಳದ ತಿರುಗಾಟವೂ ನಿಲ್ಲುತ್ತವೆ, ಅತಿಥಿಗಳೂ ಕಡಿಮೆಯಾಗುತ್ತಾರೆ. ಆ ವಾರ ಎರಡು ಕೋಣೆ ಮುಚ್ಚಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಅಟ್ಟಕ್ಕೇರಿಸಿ, ಅರ್ಧಕೂಲಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಉಳಿದದ್ದನ್ನು ಪಟ್ಟಿಯಲ್ಲಿದ್ದವರಿಗೆ, ಮಾಡಿದ ಗಂಟೆಗೆ ತಕ್ಕಂತೆ ಹಂಚಬೇಕು. ಮನೆಯೊಡತಿಯ ಹೆಸರೂ ಆ ಪಟ್ಟಿಯಲ್ಲಿರಬೇಕು. ಮಳೆಗಾಲದ ಉಳಿದ ಎರಡು ಕೋಣೆಗೆ ಯಾರು ಬರುತ್ತಾರೆ ಎಂಬುದನ್ನು ಅದೇ ದಿನ, ಚಾವಡಿಯಲ್ಲಿ ಎಲ್ಲರೂ ಕೂತು ಚಹಾ ಕುಡಿಯುವಾಗಲೇ ಗೊತ್ತು ಮಾಡಿಕೊಂಡರೆ ಜೂನಿನಲ್ಲಿ ಮನೆಮನೆ ಅಲೆಯಬೇಕಾಗುವುದಿಲ್ಲ.